ಫಕೀರವ್ವನ ಒಂಟಿ ದೀಪ

ದಿನಾಂಕ: ಫೆಬ್ರವರಿ ೩೦, ೨೩೯೧

ಬೆಳಕು ಮತ್ತು ಭಾರ ಎಂಬ ಎರಡು ಶಕ್ತಿಗಳು ಸಸ್ಯಗಳಿಗೆ ದಾರಿ ತೋರಿಸುವ ಬಗೆಯನ್ನು ವಿವರಿಸುವುದು, ಮತ್ತು ಕಳೆದ ನಿಲುಗಾಲದಲ್ಲಿ ಎಪ್ಪತ್ತು ತಟ್ಟೆ ಜೋಳದ ಸಸಿಗಳು ಯಾರಿಂದ ಹಾಳಾದವು ಎಂಬುದನ್ನು ದಾಖಲಿಸುವುದು ಈ ಪತ್ರದ ಉದ್ದೇಶ. ದಿನಾಂಕ ನಿಮಗೆ ತಪ್ಪೆಂದು ತೋರಬಹುದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಕೆಲವು ಪದಗಳೂ ಹೊಸದಾಗಿ ಕಂಡಾವು. ಮನ್ನಿಸಬೇಕು.

ನಾನು ಮೇದಿನಿ ಹಾವನೂರ, ವಯಸ್ಸು ಹತ್ತೊಂಬತ್ತು. ನಮ್ಮ ಕೃಷಿ ವಿದ್ಯಾಲಯದಲ್ಲಿ ಐದು ವರ್ಷವೂ ಮೊದಲ ಸ್ಥಾನ ನನ್ನದೇ. ಮೊದಲ ಸ್ಥಾನ ಪಡೆದವರು ಭೂಮಿಯ ಹಿರಿಯರಾದ ನಿಮಗೆ ಪತ್ರ ಬರೆದು ಊರ ಸಭೆಯಲ್ಲಿ ಓದುವುದು ಇಲ್ಲಿಯ ಪದ್ಧತಿ. ಅದು ನಿಮ್ಮನ್ನು ಹೇಗೆ ತಲುಪೀತೆಂದು ಯಾರೂ ಕೇಳುವುದಿಲ್ಲ.

ನಾವಿರುವುದು ಚಕ್ರನಾಡಿನಲ್ಲಿ. ಇದು ಆಕಾಶದಲ್ಲಿ ಸದಾ ಉರುಳುವ ದೊಡ್ಡ ಬಳೆ. ಉರುಳುವುದರಿಂದಲೇ ನಮ್ಮ ಪಾದ ನೆಲಕ್ಕೆ ಒತ್ತುತ್ತದೆ. ಅದನ್ನು ಭಾರ ಎನ್ನುತ್ತೇವೆ. ಆರು ವರ್ಷಕ್ಕೊಮ್ಮೆ ದುರಸ್ತಿಗಾಗಿ ಒಂಬತ್ತು ದಿನ ಚಕ್ರವನ್ನು ನಿಲ್ಲಿಸುತ್ತಾರೆ. ಅದೇ ನಿಲುಗಾಲ. ಆಗ ಸಾರು ಬಟ್ಟಲಲ್ಲಿ ನಿಲ್ಲುವುದಿಲ್ಲ, ಚೀಲದಿಂದ ಹೀರಿ ಕುಡಿಯುತ್ತೇವೆ. ಕೂಸುಗಳನ್ನು ತೊಟ್ಟಿಲಿಗೆ ಸೀರೆಯಿಂದ ಕಟ್ಟುತ್ತೇವೆ. ಜಡೆಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸದ ಹುಡುಗಿ ಎಲ್ಲರ ಮುಖಕ್ಕೂ ಕೂದಲು ತಾಗಿಸಿ ಬೈಸಿಕೊಳ್ಳುತ್ತಾಳೆ.

ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಸಣ್ಣ ಕಾಳುಗಳಿವೆ. ಭಾರವಿದ್ದಾಗ ಅವು ತಳಕ್ಕೆ ಕೂರುತ್ತವೆ. ಬೇರಿಗೆ ಕೆಳಗು ಯಾವುದೆಂದು ತಿಳಿಯುವುದು ಅದರಿಂದ. ಕಾಂಡದ ಲೆಕ್ಕ ಬೇರೆ. ಅದರ ನೆರಳಿನ ಮಗ್ಗುಲು ಬೆಳಕಿನ ಮಗ್ಗುಲಿಗಿಂತ ಬೇಗ ಉದ್ದವಾಗುತ್ತದೆ, ಹಾಗಾಗಿ ಇಡೀ ಸಸಿ ಬೆಳಕಿನತ್ತ ಬಾಗುತ್ತದೆ. ಮಣ್ಣಿನಲ್ಲಿ ನೀವು ಬೀಜವನ್ನು ತಲೆಕೆಳಗಾಗಿ ಹಾಕಿದರೂ ಅದು ತಿರುಗಿಕೊಳ್ಳುತ್ತದಂತೆ. ನಿಲುಗಾಲದಲ್ಲಿ ನಮ್ಮ ಸಸಿಗೆ ಭಾರದ ಸುಳಿವಿಲ್ಲ. ಉಳಿಯುವುದು ಬೆಳಕೊಂದೇ.

ಸಸಿಮನೆಯನ್ನು ನಲವತ್ತು ವರ್ಷ ನೋಡಿಕೊಂಡವಳು ಫಕೀರವ್ವ. ಆಕೆ ಶಾಲೆ ಕಲಿತವಳಲ್ಲ. ನಿಲುಗಾಲ ಬಂದರೆ ತಟ್ಟೆಗಳನ್ನು ಕರಿ ಬಟ್ಟೆಯಿಂದ ಸುತ್ತಿ, ನೆತ್ತಿಯ ಮೇಲೆ ಮಾತ್ರ ಒಂದು ದೀಪ ಕಟ್ಟುತ್ತಿದ್ದಳು. ಅದನ್ನು ಹಳೆಯ ಕಾಲದ ಜಿಪುಣತನವೆಂದುಕೊಂಡ ನಾನು ನಾಲ್ಕೂ ಕಡೆ ಹಾಗೂ ಗಾಜಿನ ತಟ್ಟೆಗಳ ಅಡಿಯಲ್ಲೂ ದೀಪವಿರುವ ನಕ್ಷೆ ಬರೆದೆ. ಬೆಳಕು ಹೆಚ್ಚಿದಷ್ಟೂ ಬೆಳೆ ಬೇಗ ಎಂಬುದು ನನ್ನ ವಾದ. ಫಕೀರವ್ವ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಸುತ್ತಲೂ ದೀಪ ಹಚ್ಚಿದ್ರ ಸಸಿ ಯಾರ ಮಾರಿ ನೋಡಬೇಕು, ತಂಗಿ?"

"ಪುಸ್ತಕ ಓದಿದವರು ನೀವೋ ನಾನೋ?" ಎಂದೆ.

"ನೀನಽ ಬಿಡವ್ವಾ. ನಾ ಓದಿದ್ದು ಜ್ವಾಳಾ ಅಷ್ಟ" ಎಂದು ನಕ್ಕಳು. ವಿದ್ಯಾಲಯದ ಮುದ್ರೆಯಿದ್ದ ನಕ್ಷೆಯನ್ನು ಮೀರಲಾರದೆ ತಾನೇ ಏಣಿ ಹಿಡಿದು ದೀಪ ಕಟ್ಟಿದಳು.

ಒಂಬತ್ತನೆಯ ದಿನ ತಟ್ಟೆಗಳನ್ನು ನೋಡಿದಾಗ ಬೇರುಗಳು ಗಾಳಿಯಲ್ಲಿದ್ದವು, ಮೊಳಕೆಗಳು ಮಣ್ಣಿನೊಳಗೆ ಸುರುಳಿ ಸುತ್ತಿಕೊಂಡಿದ್ದವು. ಎಲ್ಲ ಕಡೆಯಿಂದಲೂ ಬೆಳಕು ಬಂದು ಸಸಿಗೆ ಮೇಲು ಯಾವುದೆಂದೇ ತಿಳಿದಿರಲಿಲ್ಲ. ಆ ವರ್ಷ ಊರಿಗೆ ರೊಟ್ಟಿ ಸಿಗಲಿಲ್ಲ. ಪಾಚಿಹಿಟ್ಟಿನ ಮುದ್ದೆ ತಿಂದೆವು, ಮಕ್ಕಳು ಉಗುಳಿದರು.

ವಿಚಾರಣೆಯಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ದೀಪಗಳನ್ನು ಕಟ್ಟಿದವರು ಯಾರು? ನಾನು "ಫಕೀರವ್ವ" ಎಂದೆ. ಅಕ್ಷರಶಃ ಅದು ಸುಳ್ಳಲ್ಲ. ಉತ್ತರ ಪತ್ರಿಕೆಯಲ್ಲಿ ಅಂಥ ಉತ್ತರಕ್ಕೆ ಪೂರ್ಣ ಅಂಕ ಪಡೆಯುವುದು ನನಗೆ ಅಭ್ಯಾಸ. ನಕ್ಷೆ ಯಾರದೆಂದು ಯಾರೂ ಕೇಳಲಿಲ್ಲ. ಎದುರಿಗೇ ಕುಳಿತಿದ್ದ ಆಕೆ ನನ್ನತ್ತ ನೋಡಿದಳು. ವಯಸ್ಸಾಗಿ ಮರೆವು ಬಂದಿದೆಯೆಂದು ಬರೆದು ಆಕೆಯನ್ನು ಸಸಿಮನೆಯಿಂದ ತೆಗೆದರು. ಅದೇ ತಿಂಗಳು ನನಗೆ ಮೊದಲ ಸ್ಥಾನದ ಪದಕ ಕೊಟ್ಟರು. ನಾನು ಕೊರಳು ಬಗ್ಗಿಸಿ ಹಾಕಿಸಿಕೊಂಡೆ.

ಈಗ ಫಕೀರವ್ವ ಪಾಚಿ ಅಡುಗೆಮನೆಯಲ್ಲಿ ಬಡಿಸುತ್ತಾಳೆ. ಆಕೆಯ ಕಣ್ಣು ತಪ್ಪಿಸಿ ನಾನು ಎಷ್ಟೋ ಸಲ ಬೇರೆ ಸಾಲಿನಲ್ಲಿ ನಿಂತಿದ್ದೇನೆ. ಮೊನ್ನೆ ಸಿಕ್ಕಿಬಿದ್ದೆ. "ಭಾಳ ಸಣ್ಣಾಗೀಯಲ್ಲ ತಂಗಿ, ಓದೂದು ಹೆಚ್ಚಾತೇನು?" ಎಂದು ಇನ್ನೊಂದು ಸೌಟು ಹಾಕಿದಳು. ಆ ಮಾತಿನಲ್ಲಿ ಕೊಂಕು ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ತಟ್ಟೆ ಹಿಡಿದುಕೊಂಡು ಹಾಗೆಯೇ ನಿಂತೆ. ಹಿಂದಿದ್ದವರು ಮುಂದೆ ನಡೆ ಎಂದರು.

ಇಲ್ಲಿಯವರೆಗಿನ ಕರಡನ್ನು ನಮ್ಮ ಪ್ರಾಧ್ಯಾಪಕಿ ಗುರುಸಿದ್ಧಮ್ಮನವರು ಓದಿದ್ದಾರೆ. ಬೇರು ಮತ್ತು ಕಾಂಡದ ಭಾಗ ಬಹಳ ಚೆನ್ನಾಗಿದೆಯಂತೆ. ಪತ್ರವನ್ನು ಅಲ್ಲಿಗೇ ಮುಗಿಸಬೇಕಂತೆ. "ಫಕೀರವ್ವನ ಸುದ್ದಿ ತೆಗೀ, ಮೇದಿನಿ. ಮುಂದಿನ ತಿಂಗಳು ಸಸಿಮನಿ ನಿನಗಽ ಕೊಡೋರದಾರ" ಎಂದರು. ಸಭೆ ನಾಳೆ ಬೆಳಿಗ್ಗೆ.

ನಾನು ತೆಗೆಯುವುದಿಲ್ಲ.