ಬೊಬ್ಬೆ ಹೊಡೆಯುವ ಒಲೆ

ಕೈರೋ, ಮಂಗಳವಾರ

ಗುರುವಾರ ಹೋಟೆಲು ತೆರೆಯಬೇಕು, ಒಲೆಯೇ ಸಿಕ್ಕಿಲ್ಲ. ಇಂದು ಹತ್ತನೆಯ ಅಂಗಡಿ. ಅಂಗಡಿಯ ಬಯೂಮಿ ಗ್ಯಾಸ್ ಒಲೆ ಹಚ್ಚಿ, “ನೋಡಿ ಯಜಮಾನ್ರೇ, ಚೂರೂ ಸದ್ದಿಲ್ಲ!” ಎಂದು ಬೀಗಿದ.

“ಅದೇ ಅಣ್ಣಾ ನಂಗೆ ಬೇಡದ್ದು! ನಮ್ಮ ಯೆಮನ್‌ನಲ್ಲಿ ಒಲೆ ಬೊಬ್ಬೆ ಹೊಡೀದಿದ್ರೆ, ಸಲ್ತಾ ಸಾರು ತಣ್ಣಗಿದೆ ಅಂತ ಜನ ಬಾಗಿಲಿಂದಲೇ ವಾಪಸ್ ಹೋಗ್ತಾರೆ.”

ಅವನು ನನ್ನನ್ನು ಹುಚ್ಚನಂತೆ ನೋಡಿದ. ಆಮೇಲೆ, ಸದ್ದು ತಾಳಲಾರದೆ ಯಾರೋ ಹಿಂತಿರುಗಿಸಿದ್ದ ಒಲೆಯೊಂದನ್ನು ಒಳಗಿನಿಂದ ಎಳೆತಂದು ಹಚ್ಚಿದ. ಅಬ್ಬಾ, ಆ ಮೊರೆತ! ಬಯೂಮಿ ಕಿವಿ ಮುಚ್ಚಿಕೊಂಡ. ನಾನು ಅಪ್ಪನ ಹೋಟೆಲಿನಲ್ಲಿ ಕೂಗುತ್ತಿದ್ದ ಹಾಗೆಯೇ, “ಎರಡು ಸಲ್ತಾ, ಕುದೀತಾ ಇರ್ಲಿ!” ಎಂದು ಕೂಗಿದೆ.

ಈ ಊರಿಗೆ ಬಂದು ಎರಡು ವರ್ಷ. ನನ್ನ ದನಿ ನನಗೇ ಕೇಳಿಸದೆ ಹೋದದ್ದು ಇಂದೇ ಮೊದಲು. ಅಪ್ಪನ ಹೋಟೆಲಿನಲ್ಲೇ ನಿಂತ ಹಾಗೆ ಎಷ್ಟು ಹಾಯೆನಿಸಿತು! ಆ ಒಲೆಯನ್ನೇ ಕೊಂಡು ತಂದೆ. ಕಣ್ಣು ಎಳೆಯುತ್ತಿದೆ, ಕಿವಿಯಲ್ಲಿನ್ನೂ ಅದೇ ಮೊರೆತ...