ಸೇವಂತಿಗೆ ಕಾಂಡವೂ ದೊಡ್ಡಮ್ಮನ ಚಾಕುವೂ

ರಾಮಮೂರ್ತಿ ನಗರ,
ಸೋಮವಾರ, ನವೆಂಬರ್ ೧೧, ೨೦೨೪

ಪ್ರೀತಿಯ ಭವ್ಯ ಅತ್ತಿಗೆ,

ಹೇಗಿದ್ದೀರಿ? ಮರ್ಫಿ ಟೌನಿನ ಆ ರೂಮಿಗೆ ನೀರು ಸರಿಯಾಗಿ ಬರುತ್ತಿದೆಯಾ? ಹೊತ್ತಿಗೆ ಊಟ ಮಾಡುತ್ತಿದ್ದೀರಿ ತಾನೆ? ಈ ಮನೆಯವರೆಲ್ಲರ ಜೊತೆ ನನ್ನ ನಂಬರನ್ನೂ ಬ್ಲಾಕ್ ಮಾಡಿದ್ದೀರಿ, ಅದಕ್ಕೇ ಈ ಕಾಗದ. ನೀವು ಎಲ್ಲಿದ್ದೀರೆಂದು ಯಾರಿಗೂ ಬಾಯಿ ಬಿಟ್ಟಿಲ್ಲ.

ನೀವು ಹೋದ ಮೇಲೂ ತಾರಸಿಯ ಸೇವಂತಿಗೆ ಸಾಯುವುದು ನಿಂತಿಲ್ಲ. ನಿಮ್ಮ ಕೈಗುಣ ಸರಿಯಿಲ್ಲ, ಅದಕ್ಕೇ ಗಿಡಗಳು ಬಾಡುತ್ತವೆ, ಹೊಟ್ಟೆಯಲ್ಲಿದ್ದ ಮಗುವೂ ಅದಕ್ಕೇ ಉಳಿಯಲಿಲ್ಲ ಎಂದು ನೆಂಟರ ಮುಂದೆ ತೀರ್ಪು ಕೊಟ್ಟ ಅಕ್ಕಯಮ್ಮ ದೊಡ್ಡಮ್ಮನ ಬಾಯಿ ಈಗಲಾದರೂ ಬಿದ್ದುಹೋಗಬೇಕಿತ್ತು. ಎಲ್ಲಿ? ನಿಮ್ಮ ನೆರಳು ಇನ್ನೂ ಇಲ್ಲೇ ಇದೆಯಂತೆ! ಅವತ್ತು ಗೋಡೆ ನೋಡುತ್ತಾ ಕೂತಿದ್ದ ನನ್ನ ಅಣ್ಣ ಲಿಖಿತ್, ನಿಮ್ಮ ಗಂಡ ಅನ್ನಿಸಿಕೊಂಡವನು, ಈಗ ಫೋನಿನಲ್ಲಿ ಎಲೆಯ ಫೋಟೊ ಹೊಡೆದು "ಫಂಗಸ್ ಕಣೇ" ಎಂದು ಘೋಷಿಸಿ ಸಿಕ್ಕ ಪುಡಿಯನ್ನೆಲ್ಲಾ ಎರಚುತ್ತಿದ್ದಾನೆ. ಎಲೆಯ ಮೇಲೆ ಒಂದು ಚುಕ್ಕೆಯಿಲ್ಲ, ಬೂಷ್ಟಿಲ್ಲ. ಹಸಿರಾಗಿದ್ದ ಗಿಡ ಹಾಗೇ ತಲೆ ಬಗ್ಗಿಸುತ್ತದೆ. ಅವನಿಗೆಲ್ಲಿ ಕಾಣಬೇಕು? ತಾತ ಇದೇ ಜಾಗದಲ್ಲಿ ಹೂ ಬೆಳೆದು ಶಿವಾಜಿನಗರದ ಮಾರ್ಕೆಟ್ಟಿಗೆ ಹಾಕುತ್ತಿದ್ದರಂತೆ. ಈ ಮೊಮ್ಮಗನಿಗೆ ಬಾಡಿಗೆ ವಸೂಲಿ ಬಿಟ್ಟು ಬೇರೇನೂ ಬರುವುದಿಲ್ಲ.

"ಕಾಂಡ ಕತ್ತರಿಸಿ ನೀರಲ್ಲಿಡಿ, ಬೆಳ್ಳಗೆ ಇಳಿದ್ರೆ ಬ್ಯಾಕ್ಟೀರಿಯಾ" ಅಂತ ನೀವು ಬಡಕೊಂಡಿರಿ, ಯಾರು ಕೇಳಿದರು? ನಿನ್ನೆ ನಾನೇ ಮಾಡಿ ನೋಡಿದೆ. ಬಾಡಿದ ಗಿಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ತುದಿ ಮುಳುಗಿಸಿ ಹಿಡಿದೆ. ಸ್ವಲ್ಪ ಹೊತ್ತಿಗೆ ಗಂಜಿಯ ತಿಳಿಯಂಥ ಎಳೆ ಸಣ್ಣಗೆ ಇಳಿಯಿತು. ನನಗೆ ಅಳು ಬಂತು ಅತ್ತಿಗೆ. ಪಕ್ಕದಲ್ಲೇ ದೊಡ್ಡಮ್ಮ ಬಾಡಿದ ಗಿಡದ ಕುಡಿ ಕತ್ತರಿಸಿ, ಅದೇ ಚಾಕುವನ್ನು ಒರೆಸದೆ ಚೆನ್ನಾಗಿದ್ದ ಗಿಡಕ್ಕೆ ಹಾಕುತ್ತಿದ್ದರು. ಊರಿಗೆಲ್ಲಾ ರೋಗ ಹಂಚಿದ ಮಹಾತಾಯಿ ಕೈಗುಣದ ಮಾತಾಡುತ್ತಾರೆ! ಲೋಟ ತೋರಿಸಿದರೆ "ಗಿಡದ ಹಾಲು ಕಣೇ ಅದು, ಚೆಲ್ಲು" ಅಂದರು.

ಅಣ್ಣನ ಪರವಾಗಿ ಏನೂ ಬರೆಯುವುದಿಲ್ಲ. ಬಾಯಿದ್ದರೆ ಅವನೇ ನಿಮ್ಮನ್ನು ಹುಡುಕಿಕೊಂಡು ಬಂದು ಹೇಳಲಿ. ನೀವು ಮಾತ್ರ ಆರೋಗ್ಯ ನೋಡಿಕೊಳ್ಳಿ.

ನಿಮ್ಮ ನಾದಿನಿ,
ತೇಜಶ್ರೀ

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ನೀರಿನ ಟ್ಯಾಂಕಿನ ಹಿಂದೆ ಪೇಂಟ್ ಬಕೆಟ್ಟಿನಲ್ಲಿ ನೀವು ನೆಟ್ಟಿದ್ದಿರಲ್ಲ, ಆ ಸೇವಂತಿಗೆ ದೊಡ್ಡಮ್ಮನ ಚಾಕುವಿಗೆ ಸಿಗದೆ ಉಳಿದು, ಮೈತುಂಬಾ ಹೂ ಬಿಟ್ಟಿದೆ. ಇವತ್ತು ಅವರ ಕಣ್ಣಿಗೆ ಬಿತ್ತು. "ಯಾರೇ ನೆಟ್ಟಿದ್ದು? ಎಂಥಾ ಕೈಗುಣ! ಅವ್ರ ಕೈಲೇ ನಂಗೊಂದು ಗಿಡ ನೆಡಿಸ್ಕೊಡು" ಎಂದು ದುಂಬಾಲು ಬಿದ್ದಿದ್ದಾರೆ. ನನ್ನ ಗೆಳತಿ, ಮರ್ಫಿ ಟೌನಿನಲ್ಲಿದ್ದಾಳೆ ಎಂದು, ನಿಮ್ಮ ಹೆಸರು ಹೇಳದೆ ವಿಳಾಸ ಮಾತ್ರ ಕೊಟ್ಟಿದ್ದೇನೆ. ಭಾನುವಾರ ಖಾಲಿ ಕುಂಡ ಹಿಡಿದುಕೊಂಡು ನಿಮ್ಮ ಬಾಗಿಲಿಗೆ ಬರುತ್ತಾರೆ. ತೆಗೆಯುವುದೂ ಬಿಡುವುದೂ ನಿಮ್ಮ ಇಷ್ಟ.