ಲಂಕೆ ಸುತ್ತಿ ದ್ವೀಪ ಸೇರಿದ ತಾಂಬೂಲದ ಚೀಲ

ದ್ವೀಪಗಳ ದಂಡೆಯ ಕಸದ ಮೇಲೆ ನಿಗಾ ಇಡುವ ಮಾನ್ಯ ಅಧಿಕಾರಿಗಳೇ,

ರಾಣೆಬೆನ್ನೂರಿನಲ್ಲಿ ಶಿಕ್ಷಕಿಯಾಗಿರುವ ನನ್ನ ಮಗಳು ದುರ್ಗಾ ಸೋಮವಾರದಿಂದ ಶಾಲೆಗೆ ಹೋಗಿಲ್ಲ. ಇದಕ್ಕೆ ತಾವೇ ಕಾರಣ.

ಕಡಲು ದಂಡೆಗೆ ತಂದು ಹಾಕಿದ ಕಸವನ್ನು ಆರಿಸಿ, ವ್ಯಾನಿನಲ್ಲಿಟ್ಟು ಊರೂರಿಗೆ ಮೆರವಣಿಗೆ ಮಾಡಿಸುತ್ತಿದ್ದೀರಿ. ಬಹಳ ಸಂತೋಷ. ಆದರೆ ದುರ್ಗಾಳ ಶಾಲೆಯ ಮುಂದೆ ನಿಂತ ಆ ವ್ಯಾನಿನಲ್ಲಿ, ಹರಿದ ಬಲೆ, ಒಂಟಿ ಚಪ್ಪಲಿಗಳ ನಡುವೆ, ಒಂದು ಗುಲಾಬಿ ಪ್ಲಾಸ್ಟಿಕ್ ಚೀಲವೂ ಇತ್ತು. ಮೇಲೆ 'ದುರ್ಗಾ ವೆಡ್ಸ್ ಮೈಲೇಶ, ರಾಣೆಬೆನ್ನೂರು'. ಕೆಳಗೆ ತಮ್ಮ ಚೀಟಿ: 'ಒಳನಾಡಿನವರ ಬೇಜವಾಬ್ದಾರಿ. ನದಿಯ ಮೂಲಕ ಕಡಲಿಗೆ.' ಮಕ್ಕಳು ಬಿಡುತ್ತಾರೆಯೇ? "ಟೀಚರ್, ಸಮುದ್ರ ಹೊಲಸು ಮಾಡಿದವ್ರು ನೀವೇನ್ರಿ?" ಎಂದು ಸುತ್ತುಗಟ್ಟಿದರಂತೆ. ಅವಳು ಅತ್ತುಕೊಂಡು ಮನೆಗೆ ಬಂದಳು.

ನದಿಯ ಮೂಲಕವೇ, ಮಾನ್ಯರೇ? ನಾನು ಬ್ಯಾಡಗಿಯ ಟೇಲರ್, ಭೂಗೋಳದ ಪಂಡಿತನಲ್ಲ. ಆದರೂ ನಮ್ಮ ವರದೆ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಪೂರ್ವದ ಕಡಲಿಗೆ ಸೇರುವುದು ನನಗೂ ಗೊತ್ತು. ತಮ್ಮ ದ್ವೀಪ ಇರುವುದು ಪಶ್ಚಿಮದಲ್ಲಿ. ಮದುವೆ ಭಾನುವಾರ, ಚೀಟಿಯ ಪ್ರಕಾರ ಚೀಲ ಸಿಕ್ಕಿದ್ದು ಮೂರೇ ದಿನಕ್ಕೆ, ಬುಧವಾರ. ಅಷ್ಟರಲ್ಲಿ ಅದು ಆಂಧ್ರ ದಾಟಿ, ಶ್ರೀಲಂಕೆಗೆ ಪ್ರದಕ್ಷಿಣೆ ಹಾಕಿ, ಕನ್ಯಾಕುಮಾರಿಗೆ ಕೈಮುಗಿದು ಬಂತೇ? ನನಗೆ ಬ್ಯಾಡಗಿಯಿಂದ ಹಾವೇರಿಗೆ ಹೋಗಲು ಬಸ್ಸೇ ಲಗೂ ಸಿಗುವುದಿಲ್ಲ.

ಮದುವೆಗೆ ಬಂದವರಿಗೆಲ್ಲ ತಾಂಬೂಲ ಕೊಡಲು ನಾನೇ ಬಟ್ಟೆಯ ಚೀಲ ಹೊಲಿದಿದ್ದೆ. ಪ್ಲಾಸ್ಟಿಕ್ಕಿನದು ಇದ್ದದ್ದು ಒಂದೇ ಒಂದು, ಪ್ರೆಸ್ಸಿನವನು ಸ್ಯಾಂಪಲ್ ಎಂದು ಕೊಟ್ಟದ್ದು. ಅದು ಬೇಡವೆಂದರೂ ಹೆಂಡತಿ ಶೇಖವ್ವ ಕೇಳಲಿಲ್ಲ. "ಸಾಹೇಬ್ರು ಬಂದಾರ. ಅವ್ರ ಕೈಯಾಗ ಅಂಗಿ ತುಂಡಿನ ಚೀಲ ಕೊಟ್ರ ಚಂದ ಕಾಣತೈತೇನ್ರಿ? ಆ ಮಿಂಚೂದು ಕೊಡ್ರಿ" ಎಂದಳು. ಕೊಟ್ಟೆ.

ಆ ಸಾಹೇಬರು ತಾವು. ಹಾವೇರಿಯಲ್ಲಿದ್ದಾಗ ನನ್ನ ಹತ್ತಿರ ಪ್ಯಾಂಟು ಹೊಲಿಸುತ್ತಿದ್ದ ಸಲಿಗೆಯಿಂದ ಮದುವೆಗೆ ಬಂದು, ಹೋಳಿಗೆ ಮತ್ತೆ ಮತ್ತೆ ಹಾಕಿಸಿಕೊಂಡು, "ನಾಳೆ ದ್ವೀಪಕ್ಕೆ ಹೊರಟಿದ್ದೀನಿ, ತೆಂಗಿನಕಾಯಿ ಅಲ್ಲೇ ಒಡೆದು ತಿಂತೀನಿ" ಎಂದು ಜೀಪು ಹತ್ತಿದಿರಿ. ಕಾಯಿ ತಿಂದಿರಿ, ಚೀಲವನ್ನು ತಮ್ಮ ಸಿಬ್ಬಂದಿ ಕಸವೆಂದು ಆರಿಸಿದರು. ತಮ್ಮ ಇಲಾಖೆಯ ದಕ್ಷತೆ ಮೆಚ್ಚಬೇಕಾದದ್ದೇ. ಆದರೆ ನನ್ನ ಮಗಳು ಅತ್ತದ್ದಕ್ಕೆ ನನಗೆ ವಿಪರೀತ ಸಿಟ್ಟು ಬಂದಿದೆ.

ವ್ಯಾನು ಮತ್ತೆ ಆ ಶಾಲೆಗೆ ಬರಬೇಕು, ಜೊತೆಗೆ ತಾವೂ. ಮಕ್ಕಳೆದುರು ಹಳೆಯ ಚೀಟಿ ಕಿತ್ತು, 'ಕಸ ನೋಡಲು ಬಂದವರು ಬಿಟ್ಟುಹೋದದ್ದು' ಎಂದು ಸ್ವಹಸ್ತದಿಂದ ಬರೆಯಬೇಕು. ತಪ್ಪಾದರೆ ದುರ್ಗಾ ತಿದ್ದುತ್ತಾಳೆ. ತಾಂಬೂಲಕ್ಕೆ ಬೇರೆ ಚೀಲ ಹೊಲಿದಿಟ್ಟಿದ್ದೇನೆ, ತಮ್ಮ ಪ್ಯಾಂಟಿನ ಬಟ್ಟೆಯಲ್ಲಿ ನಾನು ಉಳಿಸಿಕೊಂಡ ತುಂಡಿನಲ್ಲೇ. ಇನ್ನು ಅದು ಯಾವ ದ್ವೀಪದಲ್ಲಿ ಸಿಕ್ಕರೂ ಯಾರದೆಂದು ಊರಿಗೇ ತಿಳಿಯುತ್ತದೆ.

ಇಂತಿ,
ತಮ್ಮ ಸೊಂಟದ ಅಳತೆಯನ್ನು ಇನ್ನೂ ಬಹಿರಂಗಪಡಿಸದ,
ಫಕ್ಕೀರೇಶ, ಟೇಲರ್, ಬ್ಯಾಡಗಿ